ಆರೋಗ್ಯದಿಂದ ಎಷ್ಟು ದೂರ?

ಮಗುವಿನ ಮುಖ ಬೇಡ, ಹೊಟ್ಟೆ ನೋಡಿ.

ಉಸಿರು ಒಳಗೆ ಹೋದಾಗಲೆಲ್ಲ ಪಕ್ಕೆಲುಬಿನ ಕೆಳಗೊಂದು ಗುಳಿ ಬೀಳುತ್ತದೆ. ಎದೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ಹೊಟ್ಟೆ ಮೇಲೇಳುತ್ತದೆ. ಒಂದೊಂದು ಉಸಿರಿಗೂ ಮೈಯೆಲ್ಲ ದುಡಿಯುತ್ತಿದೆ. ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿವೆ. ಎದೆಯೊಳಗೆ ಗೊರಗೊರ. ನಿಮ್ಮ ಪಕ್ಕ ನಿಂತ ನರ್ಸ್ ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳಿನ ಮೇಲೆ ಕಣ್ಣಿಟ್ಟು ತುಟಿಯಲ್ಲೇ ಎಣಿಸುತ್ತಿದ್ದಾಳೆ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಕೂಸುಗಳ ಉಸಿರು ಒಂದೇ ಲಯದಲ್ಲಿ ನಡೆಯುವುದಿಲ್ಲ. ನಿಮಿಷ ಮುಗಿಯಿತು. 68.

ಅಮೆರಿಕದ ಡಾಲಸ್ ನಗರ, ಚಿಲ್ಡ್ರನ್ಸ್ ಮೆಡಿಕಲ್ ಸೆಂಟರ್. 2000ದ ದಶಕದ ಕೊನೆಯ ಒಂದು ಜನವರಿ, ರಾತ್ರಿ ಒಂದೂವರೆ. ಕೆಳಗೆ ಲಾಬಿಯಲ್ಲಿ ಆಟಿಕೆ ರೈಲುಗಳದೇ ಒಂದು ಲೋಕವಿದೆ. ಸುರಂಗ, ಸೇತುವೆ, ಸುತ್ತಿ ಸುತ್ತಿ ಓಡುವ ಗಾಡಿಗಳು. ಅತ್ತುಕೊಂಡು ಬಂದ ಮಕ್ಕಳೂ ಅಲ್ಲಿ ಒಂದು ಗಳಿಗೆ ಅಳು ಮರೆಯುತ್ತಾರೆ. ಸಂಜೆ ಈ ಕೂಸನ್ನು ಎತ್ತಿಕೊಂಡು ತಾಯಿ ಅದೇ ದಾರಿಯಲ್ಲಿ ಬಂದಳು. ಕೂಸಿನ ಕಣ್ಣು ಅತ್ತ ತಿರುಗಲಿಲ್ಲ. ಹತ್ತು ವಾರದ್ದು. ಇದಕ್ಕೆ ಹೆಸರಿಡುವುದು ಬೇಡ. ಆ ವರ್ಷಗಳಲ್ಲಿ ಇಂಥ ಮಂಚಗಳಲ್ಲಿ ಮಲಗಿ, ಚಮಚದಷ್ಟು ರಕ್ತ ಕೊಟ್ಟು ಮನೆಗೆ ಹೋದ ಮಕ್ಕಳನ್ನೆಲ್ಲ ನೆನೆದು ನಾನು ಕಟ್ಟಿಕೊಂಡ ಕೂಸು ಇದು. ತಾಯಿಯೂ ಈ ರಾತ್ರಿಯೂ ಹಾಗೇ ಕಟ್ಟಿದ್ದು. ರೋಗ, ರಕ್ತದ ಟ್ಯೂಬು, ಮುಂದೆ ಬರುವ ಲೆಕ್ಕ ನಿಜವಾದವು.

ನಾಲ್ಕು ದಿನದ ಹಿಂದೆ ಬರೀ ನೆಗಡಿ. ಶಾಲೆಗೆ ಹೋಗುವ ಅಕ್ಕ ಮನೆಗೆ ತಂದದ್ದು. ಅವಳು ಎರಡು ದಿನ ಮೂಗೊರೆಸಿಕೊಂಡು ಮತ್ತೆ ಆಟಕ್ಕೆ ಹೋದಳು. ತಮ್ಮ ಹಾಲು ಕುಡಿಯುವುದನ್ನೇ ಬಿಟ್ಟ. ಆಸ್ಪತ್ರೆಯಲ್ಲಿ ಮೂಗಿಗೆ ಉಪ್ಪುನೀರು ಬಿಟ್ಟು, ಹೀರಿ ತೆಗೆದು, ಪರೀಕ್ಷೆಗೆ ಕಳಿಸಿದರು. ಉತ್ತರ ಬಂದಿದೆ: ಆರ್‌ಎಸ್‌ವಿ. ರೆಸ್ಪಿರೇಟರಿ ಸಿನ್ಸಿಶಿಯಲ್ ವೈರಸ್. 1956ರಲ್ಲಿ ನೆಗಡಿಯಾಗಿದ್ದ ಚಿಂಪಾಂಜಿಗಳಲ್ಲಿ ಮೊದಲು ಸಿಕ್ಕಿದ್ದು. ಆಮೇಲೆ ನೋಡಿದರೆ ಅದು ಮನುಷ್ಯರ ಮಕ್ಕಳದೇ ವೈರಸ್. ಎರಡನೆಯ ಹುಟ್ಟುಹಬ್ಬದೊಳಗೆ ಇದು ಮುಟ್ಟದೆ ಬಿಡುವ ಮಗು ಇಲ್ಲವೆನ್ನುವಷ್ಟು ಅಪರೂಪ. 2019ರ ಒಂದೇ ವರ್ಷದಲ್ಲಿ ಐದು ವರ್ಷದೊಳಗಿನ ಸುಮಾರು 3.3 ಕೋಟಿ ಮಕ್ಕಳ ಎದೆಗೆ ಇದು ಇಳಿಯಿತು, 36 ಲಕ್ಷ ಮಕ್ಕಳು ಆಸ್ಪತ್ರೆ ಸೇರಿದರು, ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಉಳಿಯಲಿಲ್ಲ ಎಂದು ಮುಂದೆ ಲೆಕ್ಕ ಹಾಕಿದ್ದಾರೆ. ಸತ್ತವರಲ್ಲಿ ನೂರಕ್ಕೆ 97 ಮಕ್ಕಳು ನಮ್ಮಂಥ ಬಡ, ಮಧ್ಯಮ ಆದಾಯದ ದೇಶಗಳವರು.

ವೈರಸ್‌ನ ಹೆಸರು ಗೊತ್ತಾಯಿತಲ್ಲ, ಇನ್ನೇನು ಎನ್ನುತ್ತೀರಿ. ಹಾಗಾದರೆ ಪಕ್ಕದ ಕೋಣೆಗೆ ಒಮ್ಮೆ ಇಣುಕಿ. ಅಲ್ಲಿ ಹನ್ನೊಂದು ತಿಂಗಳ ಇನ್ನೊಂದು ಮಗು. ಅದೇ ವೈರಸ್, ಅದೇ ಗೊರಗೊರ. ಅದು ಮೂಗಿನ ಆಕ್ಸಿಜನ್ ನಳಿಕೆಯನ್ನು ಕಿತ್ತೆಸೆಯಲು ಜಗಳವಾಡುತ್ತಿದೆ. ನಾಳೆ ಮನೆಗೆ ಹೋದರೂ ಹೋದೀತು. ನಮ್ಮ ಕೂಸಿಗೆ ನಳಿಕೆ ಕೀಳುವ ತ್ರಾಣವೂ ಇಲ್ಲ. ರಾತ್ರಿ ಪಾಳಿಯ ಡಾಕ್ಟರ್ ಎರಡೂ ಬಾಗಿಲ ನಡುವೆ ನಿಂತಿದ್ದಾರೆ. ಇವರಲ್ಲಿ ಯಾರು ನಾಳೆ ಚೇತರಿಸಿಕೊಳ್ಳುತ್ತಾರೆ, ಯಾರು ಐಸಿಯುಗೆ ಹೋಗುತ್ತಾರೆ ಎಂದು ಆ ಪರೀಕ್ಷೆಯ ಚೀಟಿ ಹೇಳುವುದಿಲ್ಲ. ಬಂದವನು ಯಾರೆಂದು ಅದು ಹೇಳುತ್ತದೆ. ಮನೆಯೊಳಗೆ ಏನು ನಡೆದಿದೆ ಎಂದು ಹೇಳುವುದಿಲ್ಲ.

*

ಬೆಳಗಿನ ರಕ್ತ ತೆಗೆಯುವ ಹೊತ್ತು. ಸಂಶೋಧನಾ ತಂಡದ ನರ್ಸ್ ಬಂದು ತಾಯಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ತಾಯಿ ನಿದ್ದೆಗೆಟ್ಟಿದ್ದಾಳೆ. ಅವಳ ಮಾತು ಸ್ಪ್ಯಾನಿಷ್, ನರ್ಸ್‌ಗೂ ಅದೇ ಭಾಷೆ ಬರುತ್ತದೆ.

"ಹೇಗೂ ಈಗ ಸೂಜಿ ಹಾಕುತ್ತೇವೆ. ಅದರಲ್ಲೇ ಇನ್ನು ಸ್ವಲ್ಪ ರಕ್ತ ತೆಗೆದುಕೊಳ್ಳಬಹುದಾ ಅಂತ ಕೇಳೋಣ ಅಂತ ಬಂದೆ."

"ಇದರಿಂದ ಮಗು ಬೇಗ ಹುಷಾರಾಗುತ್ತಾ?"

"ಇಲ್ಲ ಅಮ್ಮ. ಇದರ ಉತ್ತರ ಬರೋದಕ್ಕೆ ತಿಂಗಳುಗಳೇ ಬೇಕು. ನಿಮ್ಮ ಮಗುವಿಗೆ ಇದರಿಂದ ಪ್ರಯೋಜನ ಆಗೋದಿಲ್ಲ. ಮುಂದೆ ಬರೋ ಮಕ್ಕಳಿಗೆ ಆಗಬಹುದು."

ತಾಯಿ ಕಾಗದ ಓದುತ್ತಾಳೆ. ಒಂದು ಪುಟವನ್ನು ಎರಡು ಸಲ ಓದುತ್ತಾಳೆ. ಸಹಿ ಹಾಕುತ್ತಾಳೆ.

ಸಂಶೋಧನೆಗೆಂದು ತೆಗೆದುಕೊಂಡದ್ದು ಟೀ ಚಮಚ ತುಂಬದಷ್ಟು ರಕ್ತ. ಅದು ನೀಲಿ ಮುಚ್ಚಳದ ಟ್ಯೂಬಿಗೆ ಇಳಿಯುತ್ತದೆ. ಟ್ಯೂಬಿನಲ್ಲಿ ಮೊದಲೇ ಒಂದು ದ್ರವವಿದೆ. ನರ್ಸ್ ಅದನ್ನು ಮುಷ್ಟಿಯಲ್ಲಿ ಹಿಡಿದು ಜೋರಾಗಿ ಅಲುಗಾಡಿಸತೊಡಗುತ್ತಾಳೆ. ಹತ್ತು ಸೆಕೆಂಡು, ಬಿಡದೆ. ಗಳಗಳ ಸದ್ದು. ಕೂಸಿನ ಮುಖದ ಎದುರೇ ಅದು ನಡೆಯುತ್ತಿದೆ, ಕೂಸು ಕಣ್ಣು ತೆರೆಯುವುದಿಲ್ಲ.

ಇಷ್ಟು ಅವಸರ ಯಾಕೆಂದರೆ, ಅವಳಿಗೆ ಬೇಕಾದದ್ದು ಕ್ಷಣಕ್ಷಣಕ್ಕೂ ಹರಿದುಹೋಗುವ ವಸ್ತು. ಅದೇನೆಂದು ತಿಳಿಯಲು ನೀವು ಗಾಂಧಿಬಜಾರಿನ ಯಾವುದಾದರೂ ದರ್ಶಿನಿಯನ್ನು ನೆನೆಸಿಕೊಳ್ಳಬೇಕು. ಗಲ್ಲಾದ ಮೇಲೆ ದೊಡ್ಡ ಬೋರ್ಡು: ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ನಿನ್ನೆಯೂ ಅದೇ ಬೋರ್ಡು, ನಾಳೆಯೂ ಅದೇ. ಅದನ್ನು ಎಷ್ಟು ಓದಿದರೂ ಈ ಹೊತ್ತು ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಎಂದು ಗೊತ್ತಾಗದು. ಗೊತ್ತಾಗಬೇಕಾದರೆ ಕೌಂಟರಿನ ಕಡ್ಡಿಗೆ ಚುಚ್ಚಿಟ್ಟ ಚೀಟಿಗಳನ್ನು ಎಣಿಸಬೇಕು. ನಮ್ಮ ಜೀವಕೋಶದ ಡಿಎನ್‌ಎ ಆ ಬೋರ್ಡಿನಂತೆ. ಸುಮಾರು 20,000 ಜೀನುಗಳು, ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಅವೇ. ಯಾವ ಜೀನಿಗೆ ಕೆಲಸ ಬಂತೋ ಅದರ ನಕಲು ಚೀಟಿಯಾಗಿ ಹೊರಬೀಳುತ್ತದೆ. ಅದು ಮೆಸೆಂಜರ್ ಆರ್‌ಎನ್‌ಎ. ಚೀಟಿ ನೋಡಿ ಕೋಶ ಪ್ರೋಟೀನು ಮಾಡುತ್ತದೆ, ಸ್ವಲ್ಪ ಹೊತ್ತಿಗೆ ಚೀಟಿ ಹರಿದುಹೋಗುತ್ತದೆ. ಹೀಗೆ ಜೀನಿನಿಂದ ಚೀಟಿ ಹೊರಡುವುದಕ್ಕೇ ಜೀನ್ ಅಭಿವ್ಯಕ್ತಿ ಎಂದು ಹೆಸರು. ಟ್ಯೂಬಿನೊಳಗಿನ ದ್ರವ ಕೋಶಗಳನ್ನು ಒಡೆದು, ಚೀಟಿಗಳನ್ನು ಹರಿಯುವ ಕೈಗಳನ್ನು ಕಟ್ಟಿಹಾಕಿತು. ಈ ಬೆಳಿಗ್ಗೆ ಈ ಕೂಸಿನ ಅಡುಗೆಮನೆಯಲ್ಲಿ ಏನಿತ್ತೋ ಅದು ಅಲ್ಲಿಗೇ ನಿಂತಿತು.

*

ಆದರೆ ವೈರಸ್ ಇರುವುದು ಎದೆಯಲ್ಲಿ, ರಕ್ತದಲ್ಲಿ ಹುಡುಕುವುದೇನು? ಒಮ್ಮೆ ಎದೆಯೊಳಕ್ಕೇ ಇಳಿದು ನೋಡಿ.

ಶ್ವಾಸನಾಳ ಕವಲೊಡೆಯುತ್ತಾ ಕವಲೊಡೆಯುತ್ತಾ ಹೋಗಿ, ಕೊನೆಯ ಕವಲುಗಳು ಒಂದು ಮಿಲಿಮೀಟರ್ ಅಗಲವೂ ಇಲ್ಲ. ವೈರಸ್ ಅವುಗಳ ಒಳಗೋಡೆಯ ಕೋಶಗಳಿಗೆ ಹೊಕ್ಕಿದೆ. ಸತ್ತ ಕೋಶಗಳು ಸುಣ್ಣದ ಗೋಡೆಯ ಹಾಗೆ ಉದುರುತ್ತಿವೆ. ಅದಕ್ಕೆ ಲೋಳೆ ಸೇರಿ ಬಿರಡೆ ಕಟ್ಟುತ್ತದೆ; ಗೋಡೆ ಊದಿಕೊಂಡು ದಾರಿ ಕಿರಿದಾಗುತ್ತದೆ. ಕೊಳವೆಯ ಅಗಲ ಅರ್ಧವಾದರೆ ಗಾಳಿಗೆ ಬರುವ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟು. ನಮ್ಮ ನಿಮ್ಮ ಶ್ವಾಸನಾಳದಲ್ಲಿ ಇಷ್ಟೇ ಊತ ಬಂದರೆ ಒಂದು ಕೆಮ್ಮು. ಹತ್ತು ವಾರದ ಎದೆಯಲ್ಲಿ ಬಂದರೆ ನಿಮಿಷಕ್ಕೆ 68 ಉಸಿರು.

ಸೋಂಕು ತಗುಲಿದ ಕೋಶ ಸುಮ್ಮನೆ ಸಾಯುವುದಿಲ್ಲ, ಅಕ್ಕಪಕ್ಕಕ್ಕೆ ಕೂಗು ಹಾಕುತ್ತದೆ. ಆ ಕೂಗಿನ ಹೆಸರು ಇಂಟರ್‌ಫೆರಾನ್. 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್, ಕೋಳಿಮೊಟ್ಟೆಯ ಪೊರೆಯ ಮೇಲೆ ಫ್ಲೂ ವೈರಸ್ಸಿಟ್ಟು ನೋಡುವಾಗ ಕಂಡುಕೊಂಡದ್ದು. ಈ ಕೂಗು ಕೇಳಿದ ಕೋಶದಲ್ಲಿ ನೂರಾರು ಜೀನುಗಳು ಒಟ್ಟಿಗೇ ಎಚ್ಚರಗೊಂಡು ಬಾಗಿಲು ಕಿಟಕಿ ಭದ್ರಮಾಡುತ್ತವೆ. ಆರ್‌ಎಸ್‌ವಿಯೂ ಬರಿಗೈಯಲ್ಲಿ ಬಂದಿಲ್ಲ. ಈ ಕೂಗನ್ನು ಅದುಮಿ ಹಿಡಿಯುವುದಕ್ಕೆಂದೇ ಎನ್‌ಎಸ್1, ಎನ್‌ಎಸ್2 ಎಂಬ ಎರಡು ಪ್ರೋಟೀನುಗಳನ್ನು ಕಟ್ಟಿಕೊಂಡು ಬಂದಿದೆ. ಇತ್ತ ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳು ದಂಡುಗಟ್ಟಿ ಎದೆಗೆ ಬರುತ್ತಿವೆ. ಅವು ಬರುವ ದಾರಿ ಯಾವುದು? ರಕ್ತ. ಟಿ ಕೋಶ, ಬಿ ಕೋಶಗಳು ಸುದ್ದಿ ಕೇಳಿಸಿಕೊಂಡು ಹೊರಡುವ ದಾರಿಯೂ ಅದೇ. ಜಗಳ ಇರುವುದು ಎದೆಯಲ್ಲಾದರೂ ಸುದ್ದಿ ಓಡಾಡುವುದು ರಕ್ತದಲ್ಲಿ. ಎದೆಯೊಳಗಿನ ಚೂರು ಕಿತ್ತು ನೋಡಲಾಗದ ಕೂಸಿನಲ್ಲಿ ವೈದ್ಯರಿಗೆ ಆ ಸುದ್ದಿಯೇ ದಿಕ್ಕು.

*

ಟ್ಯೂಬು ಫ್ರೀಜರಿನಿಂದ ಹೊರಬರುತ್ತದೆ. ನಗರದ ಇನ್ನೊಂದು ಕಡೆ ಬೇಲರ್ ಇಮ್ಯುನಾಲಜಿ ಸಂಶೋಧನಾ ಸಂಸ್ಥೆ. ಜಾಕ್ ಬ್ಯಾನ್ಶೆರೋ, ವರ್ಜೀನಿಯಾ ಪಾಸ್ಕುಯಲ್, ಡೇಮಿಯನ್ ಶೋಸಬೆಲ್ ಅವರಂಥವರು ರಕ್ತವನ್ನು ಹೀಗೆ ಓದುವ ಕ್ರಮ ಬೆಳೆಸಿದ್ದು ಇಲ್ಲಿ. ಆಸ್ಪತ್ರೆಯ ಕಡೆಯಿಂದ ಒಕ್ಟಾವಿಯೊ ರಾಮಿಲೊ, ಆಸುನ್ಸಿಯೊನ್ ಮೆಹಿಯಾಸ್ ಎಂಬ ಮಕ್ಕಳ ವೈದ್ಯರು ಅವರ ಜೊತೆಗಾರರು.

ನೀವು ಏನನ್ನೂ ಮುಟ್ಟಬೇಡಿ. ಬೆರಳ ತುದಿಯ ಬೆವರಿನಲ್ಲೂ ಆರ್‌ಎನ್‌ಎ ಹರಿಯುವ ಕಿಣ್ವವಿದೆ. ಕೈಗವಸು ತೊಟ್ಟ ತಂತ್ರಜ್ಞೆ ಮೊದಲು ಚೀಟಿಗಳ ಸ್ಥಿತಿ ನೋಡುತ್ತಾಳೆ. ಹರಿದು ಚೂರಾಗಿದ್ದರೆ ಓದಿ ಫಲವಿಲ್ಲ. ಆಮೇಲೆ ಒಂದು ಜಾತಿಯ ಚೀಟಿಯನ್ನು ಎತ್ತಿ ಬದಿಗಿಡುತ್ತಾಳೆ. ರಕ್ತದಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಗ್ಲೋಬಿನ್ನಿನ ಚೀಟಿ, ಕೆಂಪು ಕಣಗಳದ್ದು. ದರ್ಶಿನಿಯಲ್ಲಿ ಕಾಫಿ ಚೀಟಿ ಇದ್ದಂತೆ. ಗುಡ್ಡೆಯಲ್ಲಿ ಮುಕ್ಕಾಲು ಅದೇ, ಹೊಸ ಸುದ್ದಿ ಏನಿಲ್ಲ. ಅದನ್ನು ತೆಗೆದಮೇಲೆ ಉಳಿದದ್ದರ ನಕಲು ಮಾಡಿ, ಹೊಳೆಯುವ ಬಣ್ಣ ಕಟ್ಟಿ, ಗಾಜಿನ ಚಿಪ್ಪಿನ ಮೇಲೆ ಹರಿಸುತ್ತಾಳೆ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಮಣಿಗಳು, ಅವುಗಳ ಮೇಲೆ 40,000ಕ್ಕೂ ಹೆಚ್ಚು ಬಗೆಯ ಕೊಕ್ಕೆಗಳು. ಒಂದೊಂದು ಕೊಕ್ಕೆಗೆ ಅದರದೇ ಚೀಟಿ ಸಿಕ್ಕಿಕೊಳ್ಳುತ್ತದೆ. ರಾತ್ರಿ ಕಳೆದು ತೊಳೆದು ಸ್ಕ್ಯಾನರಿಗೆ ಇಟ್ಟರೆ, ಎಲ್ಲಿ ಚೀಟಿ ಹೆಚ್ಚೋ ಅಲ್ಲಿ ಹೊಳಪು ಹೆಚ್ಚು.

ಈಗ ಕಂಪ್ಯೂಟರಿನ ಪರದೆಯ ಮುಂದೆ ಬನ್ನಿ. ಹತ್ತಾರು ಸಾವಿರ ಅಂಕಿಗಳನ್ನು ಒಂದೊಂದಾಗಿ ಓದಲು ಯಾರಿಂದಲೂ ಆಗದು. ಶೋಸಬೆಲ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಉಪಾಯ ಇದು: ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಜೀನುಗಳನ್ನು ಒಂದೇ ಓಣಿಯವರೆಂದು ಗುಂಪು ಮಾಡುವುದು. ಇಂಟರ್‌ಫೆರಾನಿನ ಓಣಿ, ನ್ಯೂಟ್ರೋಫಿಲ್ ಓಣಿ, ಉರಿಯೂತದ ಓಣಿ, ಟಿ ಕೋಶದ ಓಣಿ, ಬಿ ಕೋಶದ ಓಣಿ. ಆರೋಗ್ಯವಂತ ಮಕ್ಕಳಿಗಿಂತ ಚೀಟಿ ಹೆಚ್ಚಿದ್ದರೆ ಆ ಓಣಿಗೆ ಕೆಂಪು ಚುಕ್ಕೆ, ಕಡಿಮೆಯಿದ್ದರೆ ನೀಲಿ.

ಆರ್‌ಎಸ್‌ವಿ ಮಕ್ಕಳ ಚಿತ್ರ ಪರದೆಗೆ ಬರುತ್ತದೆ. ಇಂಟರ್‌ಫೆರಾನ್ ಕೆಂಪು. ನ್ಯೂಟ್ರೋಫಿಲ್ ಕೆಂಪು. ಉರಿಯೂತ ಕೆಂಪು. ಟಿ ಕೋಶ, ಬಿ ಕೋಶದ ಓಣಿಗಳಲ್ಲಿ ನೀಲಿ. ಬೀದಿಗಿಳಿದು ಕೈಗೆ ಸಿಕ್ಕಿದ್ದನ್ನು ಬೀಸುವ ಪಡೆ ಅಬ್ಬರಿಸುತ್ತಿದೆ; ಶತ್ರುವಿನ ಮುಖ ನೆನಪಿಟ್ಟುಕೊಂಡು ಗುರಿಯಿಟ್ಟು ಹೊಡೆಯಬೇಕಾದ ಪಡೆ ಮೌನವಾಗಿದೆ. ನೆಗಡಿಯ ರೈನೋವೈರಸ್ ತಗುಲಿದ ಮಕ್ಕಳದು ಬೇರೆಯದೇ ಚಿತ್ರ, ಫ್ಲೂ ಮಕ್ಕಳದು ಮತ್ತೂ ಬೇರೆ. ವೈರಸ್ಸನ್ನು ಹುಡುಕದೆಯೇ, ಮಗು ಕೊಟ್ಟ ಉತ್ತರ ನೋಡಿ, ಬಂದವನು ಯಾರೆಂದು ಹೇಳಬಹುದು.

*

ಮೆಹಿಯಾಸ್, ರಾಮಿಲೊ ಮತ್ತು ಸಂಗಡಿಗರ ಈ ಲೆಕ್ಕ 2013ರಲ್ಲಿ ಪ್ರಕಟವಾಯಿತು. ಎರಡು ವರ್ಷದೊಳಗಿನ 220 ಮಕ್ಕಳು. ಆಸ್ಪತ್ರೆ ಸೇರಿದ ಆರ್‌ಎಸ್‌ವಿ ಮಕ್ಕಳು 135, ರೈನೋವೈರಸ್‌ನವರು 30, ಫ್ಲೂನವರು 16, ಹೋಲಿಸಿ ನೋಡಲು ಆರೋಗ್ಯವಂತರು 39.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಅಳತೆ. ಅದಕ್ಕೆ ಅವರು ಕರೆದದ್ದು 'ಆರೋಗ್ಯದಿಂದ ಅಣುಮಟ್ಟದ ದೂರ' ಎಂದು. ಆರೋಗ್ಯವಂತ ಮಕ್ಕಳ ರಕ್ತದಲ್ಲಿ ಒಂದೊಂದು ಚೀಟಿಯೂ ಇಷ್ಟರಿಂದ ಇಷ್ಟರವರೆಗೆ ಎಂದು ಒಂದು ಗಡಿ ಇರುತ್ತದಷ್ಟೆ. ರೋಗಿಯ ರಕ್ತದಲ್ಲಿ ಆ ಗಡಿಯಾಚೆ ಹೋದ ಚೀಟಿಗಳು ಯಾವುವು, ಎಷ್ಟೆಷ್ಟು ದೂರ ಹೋಗಿವೆ ಎಂದು ಅಳೆದು ಎಲ್ಲ ಕೂಡಿಸಿದರೆ ಒಂದೇ ಒಂದು ಅಂಕಿ ಬರುತ್ತದೆ. ಮಗು ಆರೋಗ್ಯವೆಂಬ ತನ್ನೂರಿನಿಂದ ಎಷ್ಟು ಮೈಲಿ ದೂರ ಹೋಗಿದೆ ಎನ್ನುವ ಅಂಕಿ. ಆ ಅಂಕಿ ದೊಡ್ಡದಾದಷ್ಟೂ ಕಾಯಿಲೆ ಕಠಿಣ, ಆಸ್ಪತ್ರೆಯ ದಿನಗಳು ಹೆಚ್ಚು, ಆಕ್ಸಿಜನ್ ಬೇಕಾದ ಹೊತ್ತು ಹೆಚ್ಚು. ಎರಡು ಬಾಗಿಲ ನಡುವೆ ನಿಂತಿದ್ದ ಆ ಡಾಕ್ಟರಿಗೆ ಬೇಕಾಗಿದ್ದದ್ದು ಇದೇ.

ಇನ್ನೊಂದು ವಿಷಯ ನಮ್ಮ ಕೂಸಿಗೆ ನೇರವಾಗಿ ಸಂಬಂಧಪಟ್ಟದ್ದು. ಅದಕ್ಕೆ ಮೊದಲು 1960ರ ದಶಕದ ಒಂದು ಕಹಿ ನೆನಪು. ಆಗ ಅಮೆರಿಕದಲ್ಲಿ ಫಾರ್ಮಲಿನ್ನಿನಿಂದ ವೈರಸ್ ಕೊಂದು ಆರ್‌ಎಸ್‌ವಿಗೆ ಲಸಿಕೆ ಮಾಡಿ ಕೂಸುಗಳಿಗೆ ಕೊಟ್ಟರು. ಚಳಿಗಾಲದಲ್ಲಿ ನಿಜವಾದ ವೈರಸ್ ಬಂದಾಗ ಒಂದು ಗುಂಪಿನಲ್ಲಿ ಸೋಂಕು ತಗುಲಿದ ಲಸಿಕೆಯ ಮಕ್ಕಳಲ್ಲಿ ನೂರಕ್ಕೆ 80ರಷ್ಟು ಆಸ್ಪತ್ರೆ ಸೇರಿದರು, ಇಬ್ಬರು ತೀರಿಕೊಂಡರು. ಕಾಯಿಲೆಯನ್ನು ಉಲ್ಬಣಗೊಳಿಸಿದ್ದು ವೈರಸ್ ಅಲ್ಲ, ಮೈಯ ಅತಿರೇಕವೇ ಎಂಬ ಭಯ ಅಂದಿನಿಂದ ವೈದ್ಯರ ಮನಸ್ಸಿನಲ್ಲಿ ಬೇರುಬಿಟ್ಟಿತು. ಉಬ್ಬಸಪಡುವ ಕೂಸನ್ನು ಕಂಡರೆ ಇದರ ಮೈ ಹೆಚ್ಚು ಕಾದಾಡುತ್ತಿದೆ ಎನ್ನುವ ಊಹೆ.

ಈಗ ಪರದೆಯ ಮೇಲೆ ಎರಡು ಕೋಣೆಗಳ ವಯಸ್ಸಿನ ಮಕ್ಕಳನ್ನು ಅಕ್ಕಪಕ್ಕ ಇಡಿ. ಲೆಕ್ಕಕ್ಕೆ ತೆಗೆದುಕೊಂಡ ಈ ಮಕ್ಕಳಲ್ಲಿ ಕಾಯಿಲೆಯ ತೀವ್ರತೆ ಹೆಚ್ಚುಕಡಿಮೆ ಒಂದೇ. ಆರು ತಿಂಗಳು ದಾಟಿದವರ ಚಿತ್ರದಲ್ಲಿ ಬಣ್ಣ ದಟ್ಟವಾಗಿದೆ. ಆರು ತಿಂಗಳೊಳಗಿನವರ ಚಿತ್ರ ಪೇಲವ. ಕೆಂಪಾಗಬೇಕಾದ ಓಣಿಗಳೇ ಅಷ್ಟಾಗಿ ಕೆಂಪಾಗಿಲ್ಲ. ಬೀದಿಯ ಪಡೆಯೂ ಸರಿಯಾಗಿ ಎದ್ದಿಲ್ಲ, ಗುರಿಯಿಡುವ ಪಡೆಯೂ ಎದ್ದಿಲ್ಲ. ನಮ್ಮ ಹತ್ತು ವಾರದ ಕೂಸಿನಂಥವರ ತೊಂದರೆ ಗದ್ದಲವಲ್ಲ. ಮೌನ. ಅತಿಯಾಗಿ ಉತ್ತರ ಕೊಟ್ಟು ಸೋತದ್ದಲ್ಲ, ಉತ್ತರ ಕೊಡಲು ಇನ್ನೂ ಕಲಿಯದೆ ಸೋತದ್ದು.

ಹೀಗಿದ್ದಮೇಲೆ ಇಂಥ ಕೂಸಿಗೆ ಬೇಕಾದದ್ದು ಕಾದಾಟ ತಣಿಸುವ ಔಷಧವಲ್ಲ, ಉತ್ತರವನ್ನು ಕಡ ಕೊಡುವವರು. ಆ ದಾರಿಯೂ ಈಗ ತೆರೆದಿದೆ. ಒಮ್ಮೆ ಚುಚ್ಚಿದರೆ ಒಂದು ಚಳಿಗಾಲವಿಡೀ ಕಾಯುವ ನಿರ್ಸೆವಿಮ್ಯಾಬ್ ಎಂಬ ಸಿದ್ಧ ಪ್ರತಿಕಾಯಕ್ಕೆ ಅಮೆರಿಕದಲ್ಲಿ 2023ರ ಜುಲೈನಲ್ಲಿ ಒಪ್ಪಿಗೆ ಸಿಕ್ಕಿತು. ಮುಂದಿನ ತಿಂಗಳೇ ಗರ್ಭಿಣಿಯರಿಗೆ ಕೊಡುವ ಲಸಿಕೆಗೂ. ತಾಯಿಯ ಉತ್ತರ ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಮುಟ್ಟುತ್ತದೆ.

*

ಆಸ್ಪತ್ರೆಯ ಆರನೆಯ ದಿನ. ಕೂಸಿಗೆ ಈ ಆರು ದಿನ ಯಾವ ದೊಡ್ಡ ಔಷಧವನ್ನೂ ಕೊಟ್ಟಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಮೂಗಿನ ಲೋಳೆ ಹೀರುವುದು, ಆಕ್ಸಿಜನ್, ನಾಳಕ್ಕೆ ನೀರು, ಕಾಯುವುದು. ಇವಿಷ್ಟೇ ಚಿಕಿತ್ಸೆ. ವೈರಸ್ಸಿಗೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಹಾಗಿದ್ದೂ ಪ್ರಪಂಚದಾದ್ಯಂತ ಕೆಮ್ಮುವ ಮಕ್ಕಳಿಗೆ ಅದು ಸಿಗುತ್ತಲೇ ಇರುತ್ತದೆ. ವೈರಸ್ಸೋ ಬ್ಯಾಕ್ಟೀರಿಯಾವೋ ಎಂದು ಖಚಿತವಾಗದ ಡಾಕ್ಟರ್, 'ಒಂದು ಇಂಜೆಕ್ಷನ್ ಹಾಕಿಬಿಡಿ ಸಾರ್' ಎನ್ನುವ ತಂದೆ, ಇಬ್ಬರೂ ಭಯಪಟ್ಟವರೇ. ಇಲ್ಲಿಯೂ ರಕ್ತದ ಚೀಟಿ ನೆರವಾದೀತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜೆತ್ರೋ ಹರ್ಬರ್ಗ್, ಮೈಕೆಲ್ ಲೆವಿನ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದ್ದು, ಜ್ವರದ ಮಕ್ಕಳಲ್ಲಿ ಎರಡೇ ಜೀನುಗಳ ಚೀಟಿ ಎಣಿಸಿದರೆ ಬಹುಮಟ್ಟಿಗೆ ಸಾಕು ಎಂದು. ಐಎಫ್‌ಐ44ಎಲ್ ಏರಿದ್ದರೆ ವೈರಸ್ಸಿನ ಕಡೆ ಬೆರಳು. ಎಫ್‌ಎಎಂ89ಎ ಏರಿದ್ದರೆ ಬ್ಯಾಕ್ಟೀರಿಯಾದ ಕಡೆ.

ಅಂಥ ಯಂತ್ರ ಹಳ್ಳಿಯ ಆರೋಗ್ಯ ಕೇಂದ್ರದ ಮೇಜಿಗೆ ಬರುವವರೆಗೆ ನಮ್ಮಲ್ಲಿರುವುದು ಮೊದಲ ರಾತ್ರಿ ನೀವು ನೋಡಿದ ಅದೇ ಉಪಾಯ. ರಾಯಚೂರಿನ ತಾಂಡಾದಲ್ಲೋ ಚಾಮರಾಜನಗರದ ಹಾಡಿಯಲ್ಲೋ ಆಶಾ ಅಕ್ಕ ಕೂಸಿನ ಅಂಗಿ ಮೇಲೆತ್ತಿ, ಒಂದು ನಿಮಿಷ ಹೊಟ್ಟೆಯನ್ನೇ ನೋಡುತ್ತಾ ಎಣಿಸುತ್ತಾರೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40. ಅಷ್ಟು ಮುಟ್ಟಿದರೆ ತಡಮಾಡುವಂತಿಲ್ಲ. ಪಕ್ಕೆ ಸೆಳೆಯುತ್ತಿದ್ದರೆ ಸೀದಾ ಆಸ್ಪತ್ರೆಗೆ. ಆರೋಗ್ಯದಿಂದ ಮಗು ಎಷ್ಟು ದೂರ ಹೋಗಿದೆ ಎಂದು ಅವರೂ ಅಳೆಯುತ್ತಿದ್ದಾರೆ. ಕಣ್ಣೂ ಗಡಿಯಾರವೂ ಅವರ ಯಂತ್ರ.

*

ನಾಲ್ಕು ವಾರ ಕಳೆದಿದೆ. ಅದೇ ಲಾಬಿ, ಹಗಲು ಹೊತ್ತು. ತಾಯಿ ತಪಾಸಣೆಗೆ ಬಂದಿದ್ದಾಳೆ, ಹೆಗಲ ಮೇಲೆ ಕೂಸು. ರೈಲು ಸುರಂಗದಿಂದ ಹೊರಬಂದಾಗ ಅದರ ಕಣ್ಣು ರೈಲಿನ ಜೊತೆಗೇ ಓಡುತ್ತದೆ. ಕೆನ್ನೆ ತುಂಬಿಕೊಂಡಿದೆ. ಎದೆಗೆ ಕಿವಿಗೊಟ್ಟ ಡಾಕ್ಟರ್ ತಲೆಯಾಡಿಸುತ್ತಾರೆ. ಗೊರಗೊರ ಇಲ್ಲ, ಉಸಿರು ನಿಮಿಷಕ್ಕೆ 36.

ಹೊಟ್ಟೆ ನೋಡಿದರೆ ಕೂಸು ತನ್ನೂರಿಗೆ ಮರಳಿದೆ. ರಕ್ತ ಅಷ್ಟು ಬೇಗ ಒಪ್ಪುವುದಿಲ್ಲ. ತಿಂಗಳ ಬಳಿಕ ಇಂಥ ಮಕ್ಕಳ ರಕ್ತವನ್ನು ಮತ್ತೆ ಓದಿದಾಗ, ಕಾಯಿಲೆ ಇಳಿದ ಮೇಲೂ ಕೆಲವು ಏರುಪೇರು ಉಳಿದೇ ಇದ್ದವು. ನೀಲಿ ಓಣಿಗಳೆಲ್ಲ ಪೂರ್ತಿ ಬೆಳಗಿರಲಿಲ್ಲ. ಕೆಮ್ಮು ನಿಂತ ದಿನವೇ ಮಗು ಮನೆ ಮುಟ್ಟಿತೆಂದು ನಾವು ಅಂದುಕೊಳ್ಳುತ್ತೇವೆ. ಅದು ಇನ್ನೂ ದಾರಿಯಲ್ಲಿರಬಹುದು.

ನರ್ಸ್ ಎರಡನೆಯ ಟ್ಯೂಬು ತೆಗೆಯುತ್ತಾಳೆ. ಸೂಜಿಗೆ ಕೂಸು ಕಿರುಚುತ್ತದೆ, ಕಾಲು ಝಾಡಿಸುತ್ತದೆ, ತಾಯಿಯ ಮೂಗಿಗೆ ಒಂದೇಟು ಕೊಡುತ್ತದೆ. ನೀಲಿ ಮುಚ್ಚಳ ಬಿಗಿದು ನರ್ಸ್ ಅಲುಗಾಡಿಸತೊಡಗುತ್ತಾಳೆ. ಗಳಗಳ. ಮೂರು ಸೆಕೆಂಡಿಗೆ ಅಳು ನಿಲ್ಲುತ್ತದೆ. ಐದಕ್ಕೆ ಒದ್ದೆ ಕಣ್ಣು ಟ್ಯೂಬಿನತ್ತ ತಿರುಗುತ್ತದೆ. ಹತ್ತು ಮುಗಿಯುವಷ್ಟರಲ್ಲಿ ಕೂಸು ಎರಡೂ ಕೈ ಚಾಚಿದೆ, ತನ್ನದೇ ರಕ್ತ ತುಂಬಿದ ಆ ಗಿಲಕಿಗಾಗಿ.